ನಾಲ್ಕನೇ ಅಂಕಣದಲ್ಲಿ ಕಥೆ ಹೇಳುವ ಕುರಿತು

ಬಸ್ ನಿಲ್ದಾಣ ಅಧೀಕ್ಷಕರ ಕಚೇರಿ
(ಮೊದಲ ಮಹಡಿ, ಟೀ ಅಂಗಡಿಯ ಮೇಲ್ಗಡೆ)

ಸಂಖ್ಯೆ: ಬನಿಅ/ಅಂಕಣ-4/ಕಥೆ/ಪರಿಷ್ಕೃತ/ಮರುಪರಿಷ್ಕೃತ
ದಿನಾಂಕ: ಮೊಹರು ಬಿದ್ದ ದಿನ

ಸುತ್ತೋಲೆ

ವಿಷಯ: ಪ್ರಯಾಣಿಕರು ಸಾಲಿನಲ್ಲಿ ನಿಲ್ಲುವಂತೆ ಮನವೊಲಿಸಲು ಧ್ವನಿವರ್ಧಕದಲ್ಲಿ ಕಥೆ ಹೇಳುವ, ಹೇಳದಿರುವ ಹಾಗೂ ಹೇಳಲು ಬಾರದವರು ಸುಮ್ಮನಿರುವ ಬಗ್ಗೆ.

ಉಲ್ಲೇಖ:
1. ‘ಸಾಲಿನಲ್ಲಿ ನಿಲ್ಲತಕ್ಕದ್ದು’ ಎಂಬ ಈ ಕಚೇರಿಯ ಸುತ್ತೋಲೆ.
2. ಅದೇ ಸುತ್ತೋಲೆ, ದಪ್ಪ ಅಕ್ಷರದಲ್ಲಿ.
3. ಅದೇ ಸುತ್ತೋಲೆ, ಕೆಂಪು ಅಕ್ಷರದಲ್ಲಿ, ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ ಸಹಿತ.
4. ಕೇಂದ್ರ ಕಚೇರಿಯ ಕಥಾ ಉಪಸಮಿತಿಯ ನಡಾವಳಿ.
5. ಅಧೀಕ್ಷಕರ ಪತ್ನಿಯವರು ಊಟಕ್ಕೆ ಬಡಿಸುತ್ತಾ ವ್ಯಕ್ತಪಡಿಸಿದ ಮೌಖಿಕ ಅಭಿಪ್ರಾಯ.

*

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಿಲ್ದಾಣದ ಸಮಸ್ತ ನೌಕರರಿಗೂ, ಚಾಲಕ-ನಿರ್ವಾಹಕರಿಗೂ, ನೋಟೀಸು ಫಲಕಕ್ಕೆ ಬೆನ್ನು ಕೊಟ್ಟು ನಿಲ್ಲುವ ಸಾರ್ವಜನಿಕರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಧ್ವನಿವರ್ಧಕ ಕೊಠಡಿಯಲ್ಲಿ ಬಸ್ಸುಗಳ ಬರುಹೋಗು ಕೂಗಿ ಹೇಳುವ ನೌಕರರಾದ, ಎಲ್ಲರೂ ‘ಮೈಕಕ್ಕ’ ಎಂದೇ ಕರೆಯುವವರನ್ನು ಆ ಕುರ್ಚಿಯಿಂದ ಎಬ್ಬಿಸಿ ಅಲ್ಲೊಂದು ಮಾತಾಡುವ ಯಂತ್ರವನ್ನು ಕೂರಿಸಬೇಕೇ ಎಂಬ ಪ್ರಶ್ನೆ ಕೇಂದ್ರ ಕಚೇರಿಯ ಪರಿಶೀಲನೆಯಲ್ಲಿತ್ತು. ಸದರಿ ಪ್ರಶ್ನೆ ನಿನ್ನೆ ಸಂಜೆ ಬಸ್ಸು ನಿಲ್ಲುವ ನಾಲ್ಕನೇ ಅಂಕಣದಲ್ಲಿ ನೂರಾರು ಜನರೆದುರು ಇತ್ಯರ್ಥವಾಗಿರುತ್ತದೆ. ಅದು ಹೇಗಾಯಿತೆಂದು ಕಂಡವರು ಕಂಡಂತೆ, ಕಾಣದವರು ಇನ್ನೂ ಚೆನ್ನಾಗಿ ಹೇಳಿಕೊಂಡು ತಿರುಗುತ್ತಿರುವುದರಿಂದ, ನಡೆದದ್ದನ್ನು ನಡೆದಂತೆ ತಿಳಿಸಿ ಮುಂದಿನ ನಿಯಮಗಳನ್ನು ವಿಧಿಸುವುದು ಅಗತ್ಯವೆಂದು ಈ ಸುತ್ತೋಲೆಯ ಕೆಳಗೆ ಸಹಿ ಮಾಡಿರುವ ಅಧೀಕ್ಷಕರು (ಇನ್ನು ಮುಂದೆ ‘ಕೆಳಸಹಿದಾರರು’) ಮನಗಂಡಿದ್ದಾರೆ.

ಹಿನ್ನೆಲೆ

ಬೆಟ್ಟದ ಊರುಗಳಿಗೆ ಹೋಗುವ ಸಂಜೆಯ ಬಸ್ಸು ನಾಲ್ಕನೇ ಅಂಕಣಕ್ಕೆ ಹಿಮ್ಮುಖವಾಗಿ ಬರುತ್ತಿದ್ದಂತೆಯೇ ಪ್ರಯಾಣಿಕರು ಅದರ ಮೇಲೆ ಮುಗಿಬೀಳುವುದು ಬಹುಕಾಲದಿಂದ ನಡೆದುಬಂದಿತ್ತು. ಸೀಟು ಹಿಡಿಯಲು ಕಿಟಕಿಯಿಂದ ಚೀಲ ಎಸೆಯುತ್ತಿದ್ದರು, ಕೊಡೆ ಎಸೆಯುತ್ತಿದ್ದರು. ಒಬ್ಬ ತಂದೆಯಂತೂ ಸ್ವಂತ ಮಗಳನ್ನೇ ಕಿಟಕಿಯಿಂದ ಸೀಟಿನ ಮೇಲೆ ಇಳಿಬಿಟ್ಟು, “ಸೀಟು ಹಿಡ್ಕೊಂಡಿರು ಪುಟ್ಟಿ, ಯಾರಾದ್ರೂ ಬಂದ್ರೆ ಜೋರಾಗಿ ಅಳು” ಎಂದು ಸೂಚನೆ ನೀಡಿದ್ದು ದಾಖಲಾಗಿದೆ. ಮಗು ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿತು. ಇಡೀ ನಿಲ್ದಾಣದಲ್ಲಿ ಸೂಚನೆ ಪಾಲಿಸಿದ್ದು ಅದೊಂದೇ.

ಇದರ ತಡೆಗಾಗಿ ಕೆಳಸಹಿದಾರರು ಉಲ್ಲೇಖ 1ರಿಂದ 3ರವರೆಗಿನ ಸುತ್ತೋಲೆಗಳನ್ನು ಹೊರಡಿಸಿದರು. ಹಗ್ಗ ಕಟ್ಟಿಸಿದರು, ಹಗ್ಗದ ಮೇಲೆ ಜನ ಒದ್ದೆ ಬಟ್ಟೆ ಹರವಿದರು. ಸೀಟಿ ಊದಿಸಿದರು, ಬಸ್ಸು ಹೊರಟಿತೆಂದು ತಿಳಿದು ಜನ ಇನ್ನೂ ಜೋರಾಗಿ ನುಗ್ಗಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣವಾದರೂ ಒಮ್ಮೆ ತಲೆಯೆತ್ತಿ ನೋಡೀತು, ಇವರು ಅದನ್ನೂ ಮಾಡಲಿಲ್ಲ ಎಂದು ಕೆಳಸಹಿದಾರರು ಅಂದು ಕಡತದ ಅಂಚಿನಲ್ಲಿ ಬರೆದಿರುತ್ತಾರೆ. ಈ ಷರಾ ಅಧಿಕೃತವಲ್ಲ, ಆದರೆ ಸತ್ಯ.

ಹೀಗಿರಲು ಒಂದು ಸಂಜೆ, ಬಸ್ಸನ್ನು ಇನ್ನೂ ತೊಳೆಯುತ್ತಿದ್ದಾಗ, ಮೈಕಕ್ಕನವರು ಯಾವುದೇ ಪೂರ್ವಾನುಮತಿಯಿಲ್ಲದೆ ಮೈಕಿನಲ್ಲಿ ಈ ಕೆಳಗಿನಂತೆ ಮಾತಾಡಿದರು (ಯಥಾವತ್ತು):

“ಬೆಟ್ಟದ ಬಸ್ಸಿಗೆ ಕಾಯ್ತಿರೋರು ಕೇಳಿ. ನಿಮ್ಮ ಮಧ್ಯೆ ಒಬ್ರು ಅಜ್ಜಿ ಇದಾರೆ. ಮೊಮ್ಮಗಳಿಗೆ ಹೆರಿಗೆ ಆಯ್ತು ಅಂತ ಸುದ್ದಿ ಬಂತು. ಕನ್ನಡಕ ಏರಿಸ್ಕೊಂಡು ಕೂತು ಕೂಸಿಗೊಂದು ಕುಲಾವಿ ಹೆಣೆದ್ರು, ಹಳದಿ ಬಣ್ಣದ್ದು, ಕಿವಿ ಮುಚ್ಚೋ ಹಂಗೆ. ಬಸ್ ಸ್ಟ್ಯಾಂಡಿಗೆ ಬಂದ್ರು. ನೀವು ನುಗ್ಗಿದ್ರಿ. ಅವರಿಗೆ ಆಗ್ಲಿಲ್ಲ. ಮಾರನೇ ದಿನ ಬಂದ್ರು. ನೀವು ನುಗ್ಗಿದ್ರಿ. ಹಂಗೇ ದಿನಾ ಬಂದ್ರು, ದಿನಾ ಮನೆಗೆ ಹೋದ್ರು. ಕೊನೆಗೊಂದಿನ ಯಾರೋ ಪುಣ್ಯಾತ್ಮ ಕೈ ಹಿಡಿದು ಹತ್ತಿಸ್ದ. ಹೋಗಿ ಕೂಸಿನ ತಲೆಗೆ ಕುಲಾವಿ ಹಾಕಿದ್ರೆ, ಅಯ್ಯೋ, ಹಿಡೀಲೇ ಇಲ್ಲ. ಕೂಸು ಆಗ್ಲೇ ಗುಂಡುಗುಂಡಾಗಿ ಬೆಳೆದ್ಬಿಟ್ಟಿತ್ತು. ಅಜ್ಜಿ ಏನಂದ್ರು ಗೊತ್ತಾ? ‘ಕುಲಾವಿ ಸಣ್ಣದು ಮಾಡ್ಬಿಟ್ಟೆ ಕಣೆ, ನಂದೇ ತಪ್ಪು’ ಅಂದ್ರು. ಬಸ್ ಬರ್ತಾ ಇದೆ. ಅಷ್ಟೇ ನಾನು ಹೇಳೋದು.”

ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯನ್ನು ಇಲಾಖೆ ಬಲ್ಲದು. ಕೂಸು ಬೆಳೆದ ಮೇಲೆ ಕುಲಾವಿ ತಲುಪಿದ ಪ್ರಕರಣ ಇಲಾಖೆಯ ಗಮನಕ್ಕೆ ಬಂದದ್ದು ಅದೇ ಮೊದಲು. ಪ್ರತಿಯೊಬ್ಬರೂ ತಮ್ಮ ಪಕ್ಕದಲ್ಲಿರುವ ಅಜ್ಜಿಯೇ ಆ ಅಜ್ಜಿಯೆಂದು ಭಾವಿಸಿ ಜಾಗ ಬಿಟ್ಟರು. ಬಸ್ಸು ಬಂತು, ಸಾಲು ನಿಂತಿತು. ಚೀಲ ಎಸೆಯಲು ಕೈಯೆತ್ತಿದ್ದ ಒಬ್ಬರು ಆ ಕೈಯಿಂದ ತಲೆ ಕೆರೆದುಕೊಂಡರು. ಮೇಲಿನ ಕಿಟಕಿಯಿಂದ ಇದನ್ನು ನೋಡಿದ ಕೆಳಸಹಿದಾರರ ಕಣ್ಣು ತುಂಬಿ ಬಂತು. ಕಚೇರಿ ವೇಳೆಯಲ್ಲಿ ಹೀಗಾದದ್ದಕ್ಕೆ ವಿಷಾದಿಸಲಾಗಿದೆ.

ಆ ಬಳಿಕ ನಡೆದದ್ದು

ಸಂಗತಿ ಕೇಂದ್ರ ಕಚೇರಿಗೆ ತಲುಪಿ, ಅಲ್ಲಿ ಬಹಳ ಸಂತೋಷವಾಯಿತು. ಸಂತೋಷವಾದಾಗ ಕೇಂದ್ರ ಕಚೇರಿಯು ಉಪಸಮಿತಿಯನ್ನು ರಚಿಸುತ್ತದೆ. ಸದರಿ ಕಥಾ ಉಪಸಮಿತಿಯು ಹಲವು ಸಭೆಗಳನ್ನು ನಡೆಸಿ, ಕಥೆಯಲ್ಲಿ ಖಾಸಗಿ ವ್ಯಕ್ತಿಯ ವಿವರಗಳಿವೆ, ಬಣ್ಣದ ಉಲ್ಲೇಖಕ್ಕೆ ಆಧಾರವಿಲ್ಲ, ‘ಗುಂಡುಗುಂಡಾಗಿ’ ಎಂಬುದಕ್ಕೆ ತೂಕದ ಪ್ರಮಾಣಪತ್ರವಿಲ್ಲ ಎಂದು ಆಕ್ಷೇಪಿಸಿ, ಎಲ್ಲ ನಿಲ್ದಾಣಗಳ ಬಳಕೆಗೆ ಈ ಕೆಳಗಿನ ಅನುಮೋದಿತ ಪಾಠವನ್ನು ಕಳುಹಿಸಿತು:

‘ಒಂದಾನೊಂದು ಆರ್ಥಿಕ ವರ್ಷದಲ್ಲಿ ಒಬ್ಬ ಅರ್ಹ ಹಿರಿಯ ನಾಗರಿಕರು ಒಂದು ಹೊದಿಕೆ ಸಾಮಗ್ರಿಯನ್ನು ಸಂಬಂಧಪಟ್ಟ ಅಪ್ರಾಪ್ತ ಫಲಾನುಭವಿಗೆ ತಲುಪಿಸಲು ಉದ್ದೇಶಿಸಿದ್ದರು. ಸದರಿ ಸಾಮಗ್ರಿಯು ಕಾಲಮಿತಿಯೊಳಗೆ ತಲುಪಲಿಲ್ಲ. ಆದ್ದರಿಂದ ಸಾಲಿನಲ್ಲಿ ನಿಲ್ಲತಕ್ಕದ್ದು. ಧನ್ಯವಾದಗಳು.’

ಇದನ್ನು ಎರಡನೇ ಅಂಕಣದಲ್ಲಿ ಪ್ರಾಯೋಗಿಕವಾಗಿ ಓದಿಸಲಾಯಿತು. ಪ್ರಯಾಣಿಕರು ಕಿಟಕಿಯಿಂದ ಹತ್ತಿದರು. ಪಾಠ ಓದಿದ ಗುಮಾಸ್ತರಿಗೂ ಅದೇ ಬಸ್ಸಿನಲ್ಲಿ ಮನೆಗೆ ಹೋಗಬೇಕಿದ್ದುದರಿಂದ ಅವರೂ ಕಿಟಕಿಯಿಂದಲೇ ಹತ್ತಿದರು. ಜೊತೆಗೆ ಎಲ್ಲ ನೌಕರರೂ ಸರದಿಯ ಪ್ರಕಾರ ಕಥೆ ಹೇಳಬೇಕೆಂದು ಕೇಂದ್ರ ಕಚೇರಿ ಆದೇಶಿಸಿದ್ದರಿಂದ ಉಂಟಾದ ಅನುಭವಗಳ ಆಧಾರದ ಮೇಲೆ ಈ ಕೆಳಗಿನ ನಿಯಮಗಳನ್ನು ತಕ್ಷಣದಿಂದ ಜಾರಿಗೊಳಿಸಲಾಗಿದೆ.

ನಿಯಮಗಳು

1. ಪ್ರತಿ ಕಥೆಯಲ್ಲೂ ಕನಿಷ್ಠ ಒಬ್ಬ ಮನುಷ್ಯ ಇರತಕ್ಕದ್ದು. ‘ಸಂಬಂಧಪಟ್ಟವರು’ ಎಂಬವರನ್ನು ಮನುಷ್ಯರೆಂದು ಪರಿಗಣಿಸಲಾಗುವುದಿಲ್ಲ. ಅವರನ್ನು ಇದುವರೆಗೆ ಯಾರೂ ಕಂಡಿಲ್ಲ.

2. ಹೊರಡಲು ನಿಂತಿರುವ ಬಸ್ಸಿನ ಬ್ರೇಕಿನ ಕಥೆಯನ್ನು ಮೆಕ್ಯಾನಿಕರು ಹೇಳಕೂಡದು. ಹಿರಿಯ ಮೆಕ್ಯಾನಿಕರು ಕಳೆದ ವಾರ ಸದರಿ ಕಥೆಯನ್ನು ಅತ್ಯಂತ ಮನಮುಟ್ಟುವಂತೆ ಹೇಳಿದ ಪರಿಣಾಮ ಸಾಲೇನೋ ಸೊಗಸಾಗಿ ನಿಂತಿತು, ಆದರೆ ಬಸ್ಸಿಗೆ ಯಾರೂ ಹತ್ತಲಿಲ್ಲ.

3. ದೆವ್ವದ ಕಥೆ ಹೇಳುವ ನಿರ್ವಾಹಕರು ದೆವ್ವವನ್ನು ಬೇರೆ ಮಾರ್ಗದ ಬಸ್ಸಿಗೆ ಹತ್ತಿಸತಕ್ಕದ್ದು. ಬೆಟ್ಟದ ತಿರುವಿನಲ್ಲಿ ಕೈ ಅಡ್ಡ ಹಾಕುವ ಬಿಳಿ ಸೀರೆಯ ಹೆಂಗಸಿನ ಕಥೆ ಕೇಳಿ ಪ್ರಯಾಣಿಕರು ಧೈರ್ಯವಾಗಿಯೇ ಇದ್ದರು. ಚಾಲಕರು ಬಸ್ಸಿನಿಂದ ಇಳಿದರು. “ನಂಗೆ ಮನೇಲಿ ಚಿಕ್ಕ ಚಿಕ್ಕ ಮಕ್ಕಳಿದಾವೆ ಸಾರ್, ನೀವೇ ಓಡ್ಸಿ” ಎಂಬ ಅವರ ಹೇಳಿಕೆಯನ್ನು ದಾಖಲಿಸಿಕೊಳ್ಳಲಾಗಿದೆ. ದೆವ್ವಕ್ಕೂ ಪೂರ್ಣ ಟಿಕೆಟ್ ಅನ್ವಯಿಸುತ್ತದೆ.

4. ಲೆಕ್ಕಪತ್ರ ಶಾಖೆಯವರು ಕಥೆ ಹೇಳುವ ಮುನ್ನ ಆಸನಗಳ ವ್ಯವಸ್ಥೆಯಿದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ನಿಂತಲ್ಲೇ ನಿದ್ದೆಹೋದವರು ಒಬ್ಬರ ಮೇಲೊಬ್ಬರು ವಾಲಿದ್ದರಿಂದ ಸಾಲು ಓರೆಯಾಗಿತ್ತು.

5. ತಾವೇ ಆ ಕುಲಾವಿಯ ಅಜ್ಜಿಯೆಂದು ಹೇಳಿಕೊಂಡು ಪ್ರತಿದಿನ ಹಲವು ಅಜ್ಜಿಯರು ವಿಚಾರಣೆ ಕಿಂಡಿಗೆ ಬರುತ್ತಿದ್ದಾರೆ. ಉಪಸಮಿತಿಯು ನಿಜವಾದ ಅಜ್ಜಿಯನ್ನು ಪತ್ತೆಹಚ್ಚಿ ವರದಿ ಸಲ್ಲಿಸುವಂತೆ ಕೋರಿದ್ದು, ಕೆಳಸಹಿದಾರರು ಎಲ್ಲರನ್ನೂ ವಿಚಾರಿಸಲಾಗಿ ಎಲ್ಲರೂ ಏನಾದರೊಂದು ಹೆಣೆದಿದ್ದು, ಎಲ್ಲರಿಗೂ ಯಾವಾಗಲೋ ಒಮ್ಮೆ ಬಸ್ಸು ತಪ್ಪಿರುತ್ತದೆ. ಆದ್ದರಿಂದ ಎಲ್ಲರನ್ನೂ ಆ ಅಜ್ಜಿಯೆಂದೇ ಪರಿಗಣಿಸಿ ಕೈಹಿಡಿದು ಬಸ್ಸು ಹತ್ತಿಸತಕ್ಕದ್ದು. ತಾತಂದಿರ ಅರ್ಜಿಗಳನ್ನೂ ಇದೇ ರೀತಿ ವಿಲೇವಾರಿ ಮಾಡುವುದು.

6. ಕಥೆಯ ನಾಯಕರೆಲ್ಲ ಕಷ್ಟ ತೀರಿದ ಮೇಲೆ ತಮ್ಮ ಅಂಗಡಿಯಲ್ಲೇ ಟೀ ಕುಡಿಯಬೇಕೆಂಬ ಟೀ ಅಂಗಡಿಯವರ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಕಷ್ಟದ ನಡುವೆ ಕುಡಿಯುವುದಕ್ಕೆ ಆಕ್ಷೇಪಣೆಯಿಲ್ಲ.

7. ಬಾವಿಗೆ ಬಿದ್ದ ನಾಯಕನನ್ನು ಬಸ್ಸು ಹೊರಡುವ ಮುನ್ನ ಮೇಲೆತ್ತತಕ್ಕದ್ದು. ಮೇಲೆತ್ತದ ಕಾರಣ ಒಬ್ಬ ಚಾಲಕರು ನಿಲ್ದಾಣದ ಸುತ್ತ ಬಸ್ಸನ್ನು ಸುಮ್ಮನೆ ಸುತ್ತಿಸಿದರು. ಕೇಳಿದ್ದಕ್ಕೆ “ಗೇಟು ದಾಟಿದ್ರೆ ಮೈಕು ಕೇಳಿಸಲ್ಲ ಸಾರ್” ಎಂದು ಉತ್ತರಿಸಿರುತ್ತಾರೆ.

8. ಕಥೆಯ ಕೊನೆಯಲ್ಲಿ ನೀತಿ ಹೇಳಕೂಡದು. ಈ ನಿಯಮಕ್ಕೆ ಸ್ವತಃ ಕೆಳಸಹಿದಾರರೇ ಕಾರಣರು. ತಮ್ಮ ಸರದಿ ಬಂದ ದಿನ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೈಕಿನ ಮುಂದೆ ಕೂತು ಇರುವೆಗಳ ಶಿಸ್ತಿನ ಕಥೆ ಆರಂಭಿಸಿದರು. ಇರುವೆ ಗೂಡಿನಿಂದ ಹೊರಬರುವ ಮೊದಲೇ ‘ಆದ್ದರಿಂದ ಮಾನ್ಯರೇ, ನಾವು ಇದರಿಂದ ಕಲಿಯಬೇಕಾದದ್ದೇನೆಂದರೆ’ ಎಂದುಬಿಟ್ಟರು. ಜನ ಚದುರಿದರು. ಕೆಲವರು ಟೀ ಅಂಗಡಿಗೆ ಹೋದರು, ಕೆಲವರು ನಡೆದುಕೊಂಡೇ ಊರಿಗೆ ಹೊರಟರು. ಅಂದು ಊಟದ ವೇಳೆ ಇದನ್ನು ತಿಳಿಸಲಾಗಿ ಪತ್ನಿಯವರು ನೀಡಿದ ಅಭಿಪ್ರಾಯ (ಉಲ್ಲೇಖ 5): “ಕಥೆ ಹೇಳ್ರೀ ಅಂದ್ರೆ ಬುದ್ಧಿ ಹೇಳೋಕೆ ಹೋಗಿದೀರಲ್ಲ. ಬುದ್ಧಿ ಹೇಳೋರ ಪಕ್ಕ ಯಾರಾದ್ರೂ ಕೂರ್ತಾರಾ? ನಾನೊಬ್ಳು ಕೂತಿದೀನಿ, ಅದೂ ಬೇರೆ ದಾರಿ ಇಲ್ದೆ.” ಕೆಳಸಹಿದಾರರು ಇದನ್ನು ಒಪ್ಪಿ ಮತ್ತೊಂದು ಸೌಟು ಸಾರು ಹಾಕಿಸಿಕೊಂಡರು.

ಯಂತ್ರದ ವಿಷಯ

ಇಷ್ಟೆಲ್ಲ ಆದ ಮೇಲೂ ಮೈಕಕ್ಕನವರ ಸರದಿಯಂದು ಮಾತ್ರ ನಾಲ್ಕನೇ ಅಂಕಣದಲ್ಲಿ ದಾರ ಹಿಡಿದು ಎಳೆದಂತೆ ಸಾಲು ನಿಲ್ಲುತ್ತಿತ್ತು. ಇದರಿಂದ ಯಾರಿಗಾದರೂ ಏನಾದರೂ ಹೊಳೆಯಬೇಕಿತ್ತು. ಕೇಂದ್ರ ಕಚೇರಿಗೆ ಹೊಳೆದದ್ದು ಬೇರೆ. ಅನುಮೋದಿತ ಪಾಠ ಇರುವಾಗ ಅದನ್ನು ಓದಲು ಜೀವಂತ ನೌಕರರೇಕೆ, ಯಂತ್ರ ಸಾಕು. ಮೈಕಕ್ಕನವರನ್ನು ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನಿಡುವ ಕೋಣೆಗೆ ವರ್ಗಾಯಿಸುವುದು ಎಂದು ಪತ್ರ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬುದು ಇದಕ್ಕೇ.

ಪತ್ರವನ್ನು ಓದಿ ಹೇಳಿದಾಗ ಮೈಕಕ್ಕನವರು, “ಸಾಮಾನಿನ ಕೋಣೆಗಾ ಸಾರ್? ಅಲ್ಲಿ ನನ್ನ ಮಾತು ಕೇಳೋರು ಯಾರಿದಾರೆ, ಕೊಡೆಗಳಾ?” ಎಂದು ನಕ್ಕರು. ನಗು ಪೂರ್ತಿ ಮುಗಿಯಲಿಲ್ಲ. ಕೆಳಸಹಿದಾರರು ಅವರನ್ನು ಉಳಿಸಿಕೊಳ್ಳಲು ಕೋಷ್ಟಕಗಳ ಸಹಿತ ದೀರ್ಘ ವರದಿ ಕಳುಹಿಸಿದರು. ‘ನೋಡಲಾಗಿದೆ’ ಎಂದು ಉತ್ತರ ಬಂತು. ಇನ್ನಷ್ಟು ಕೋಷ್ಟಕ ಕಳುಹಿಸಿದರು. ‘ಮತ್ತೆ ನೋಡಲಾಗಿದೆ’ ಎಂದು ಬಂತು.

ನಿನ್ನೆ ಸಂಜೆ ಕೇಂದ್ರ ಕಚೇರಿಯ ಮಾನ್ಯ ನಿರ್ದೇಶಕರು ಯಂತ್ರವನ್ನು ಉದ್ಘಾಟಿಸಲು ಖುದ್ದಾಗಿ ಆಗಮಿಸಿ, ಪರಿಣಾಮವನ್ನು ಕಣ್ಣಾರೆ ಕಾಣಲೆಂದು ನಾಲ್ಕನೇ ಅಂಕಣದಲ್ಲಿ ಪ್ರಯಾಣಿಕರ ನಡುವೆಯೇ ನಿಂತರು. ಯಂತ್ರವು ಜೇನಿನಂಥ ಧ್ವನಿಯಲ್ಲಿ ಒಂದಾನೊಂದು ಆರ್ಥಿಕ ವರ್ಷದ ಪಾಠವನ್ನು ಆರಂಭಿಸಿತು. ಬಸ್ಸು ಬಂತು. ಮುಂದೆ ಏನಾಯಿತೆಂದು ನಿರ್ದೇಶಕರಿಗೇ ಸರಿಯಾಗಿ ತಿಳಿಯದು. ಜನರ ನೂಕಿಗೆ ಅವರು ಬಸ್ಸಿನ ಬಾಗಿಲ ತನಕ ಹೋದರು, ಹಿಂದಕ್ಕೆ ಬಂದರು, ಪುನಃ ಹೋದರು, ಎರಡನೇ ಸಲ ವಾಪಸಾಗುವಾಗ ಒಂದು ಕಾಲಿನಲ್ಲಿ ಬೂಟು ಇರಲಿಲ್ಲ. ಯಂತ್ರವು ‘ಧನ್ಯವಾದಗಳು’ ಎಂದು ಹೇಳಿ ಮೊದಲಿನಿಂದ ಶುರುಮಾಡಿತು.

ಕೆಳಸಹಿದಾರರು ಎದ್ದೆನೋ ಬಿದ್ದೆನೋ ಎಂದು ಧ್ವನಿವರ್ಧಕ ಕೊಠಡಿಗೆ ಓಡಿದರು. ಅಲ್ಲಿ ಮೈಕಕ್ಕನವರು ತಮ್ಮ ಲೋಟ, ಸ್ವೆಟರು, ಕುರ್ಚಿಗೆ ಹಾಕುವ ದಿಂಬು ಎಲ್ಲ ಎತ್ತಿಕೊಂಡು ಹೊರಡಲು ನಿಂತಿದ್ದರು. “ಅಕ್ಕಾ, ಏನಾದ್ರೂ ಹೇಳಿ! ಯಾರ ಬಗ್ಗೆನಾದ್ರೂ ಹೇಳಿ!” ಎಂದು ಕೆಳಸಹಿದಾರರು ಅಂಗಲಾಚಿದರು. ಇದೇ ಸಮಯಕ್ಕೆ ಯಂತ್ರದ ತಂತಿ ಗೋಡೆಯಿಂದ ಕಿತ್ತುಬಂದಿರುತ್ತದೆ. ಹೇಗೆ ಬಂತೆಂದು ತಿಳಿದುಬಂದಿಲ್ಲ. ಕೊಠಡಿಯಲ್ಲಿ ಇದ್ದದ್ದು ಇಬ್ಬರೇ, ಅವರಲ್ಲಿ ಮೈಕಕ್ಕನವರ ಎರಡೂ ಕೈಯಲ್ಲಿ ಸಾಮಾನುಗಳಿದ್ದವು.

ಮೈಕಕ್ಕನವರು ಕಿಟಕಿಯಿಂದ ಒಮ್ಮೆ ಕೆಳಗೆ ನೋಡಿ, ಸಾಮಾನನ್ನು ಮೇಜಿನ ಮೇಲಿಟ್ಟು, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು (ಯಥಾವತ್ತು):

“ಎಲ್ರೂ ಸ್ವಲ್ಪ ಕೇಳಿ. ನಿಮ್ಮ ಮಧ್ಯೆ ಒಬ್ರು ಯಜಮಾನ್ರು ಒಂಟಿಕಾಲಲ್ಲಿ ನಿಂತಿದಾರೆ. ಕೊಕ್ಕರೆ ಅಲ್ಲ, ದೊಡ್ಡ ಆಫೀಸರು. ಬೆಳಿಗ್ಗೆ ಮನೆ ಬಿಡುವಾಗ ಎರಡೂ ಕಾಲಲ್ಲಿ ಬೂಟಿತ್ತು. ಹೆಂಡ್ತಿ ಬಾಗಿಲ ತನಕ ಬಂದು, ‘ಜನ ಇರೋ ಕಡೆ ಹೋಗ್ತಿದೀರ, ಹುಷಾರು ರೀ’ ಅಂದ್ರು. ‘ನಂಗ್ಯಾರು ಏನ್ಮಾಡ್ತಾರೆ, ಸುಮ್ನಿರೆ’ ಅಂತ ಇವರು ಬಂದ್ಬಿಟ್ರು. ಈಗ ಮನೆಗೆ ಹೋಗ್ತಾರೆ. ಹೊಸ್ತಿಲ ಹತ್ರ ಕೂತು ಒಂದು ಬೂಟು ಬಿಚ್ತಾರೆ. ಆಯಮ್ಮ ಕೇಳ್ತಾರೆ, ‘ಇನ್ನೊಂದೆಲ್ರೀ?’ ಅಂತ. ಏನು ಹೇಳ್ಬೇಕು ಪಾಪ ಆ ಮನುಷ್ಯ?”

ಅಂಕಣದ ತುಂಬ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಗುತ್ತಲೇ ಎಲ್ಲರೂ ಬಗ್ಗಿ ಬೂಟು ಹುಡುಕತೊಡಗಿದರು. ಹುಡುಕಬೇಕಾದರೆ ಬಾಗಿಲು ಬಿಟ್ಟು ಹಿಂದೆ ಸರಿಯಬೇಕು. ಸರಿದವರಿಗೆ ಒಬ್ಬರ ಹಿಂದೊಬ್ಬರು ನಿಲ್ಲದೆ ಬೇರೆ ಜಾಗವಿರಲಿಲ್ಲ. ಚಕ್ರದ ಪಕ್ಕದಲ್ಲಿ ಒಬ್ಬ ದರ್ಜಿಯ ಹೆಂಡತಿಗೆ ಬೂಟು ಸಿಕ್ಕಿತು. ಅದು ಕೈಯಿಂದ ಕೈಗೆ ಬಂತು. ನಡುವೆ ಒಬ್ಬರು ಕರವಸ್ತ್ರದಿಂದ ಧೂಳು ಒರೆಸಿದರು, ಇನ್ನೊಬ್ಬರು ದಾರ ಸರಿಮಾಡಿದರು, ಒಬ್ಬ ಅಜ್ಜಿ “ಒಳ್ಳೇ ಬೂಟು ಕಣಪ್ಪ, ಜೋಪಾನ” ಎಂದು ಹೇಳಿ ಸಾಲಿನ ಕೊನೆಯಲ್ಲಿದ್ದ ನಿರ್ದೇಶಕರ ಕೈಗೇ ಕೊಟ್ಟರು. ಅಷ್ಟರಲ್ಲಿ ಸಾಲು ಎಷ್ಟು ಚೆಂದ ನಿಂತಿತ್ತೆಂದರೆ ಅದನ್ನು ಮುರಿಯುವ ಮನಸ್ಸು ಯಾರಿಗೂ ಬರಲಿಲ್ಲ. ಎಲ್ಲರೂ ಬಾಗಿಲಿನಿಂದಲೇ ಹತ್ತಿದರು. ಬಸ್ಸು ಹೊರಟಿತು.

ಖಾಲಿ ಅಂಕಣದಲ್ಲಿ ಬೂಟನ್ನು ಕೈಯಲ್ಲೇ ಹಿಡಿದು ನಿಂತಿದ್ದ ನಿರ್ದೇಶಕರು ತಲೆಯೆತ್ತಿ, “ಅವಳು ಅದನ್ನೇ ಅಂದಿದ್ದು! ನಿಮಗೆ ಹೇಗ್ರೀ ಗೊತ್ತಾಯ್ತು?” ಎಂದು ಕಿಟಕಿಯತ್ತ ಕೂಗಿದರು.

“ಎಲ್ಲಾ ಮನೇಲೂ ಅದನ್ನೇ ಅನ್ನೋದು ಸಾರ್.”

“ಸರಿ, ಆಮೇಲೆ? ನಾನೇನು ಹೇಳ್ದೆ ಅವಳಿಗೆ?”

ಮೈಕಕ್ಕನವರು ದಿಂಬು, ಲೋಟ, ಸ್ವೆಟರುಗಳನ್ನು ಪುನಃ ಕೈಗೆತ್ತಿಕೊಂಡು, “ನಾಳೆ ಹೇಳ್ತೀನಿ ಸಾರ್. ನಾಳೆ ಈ ಕುರ್ಚಿ ಇದ್ರೆ” ಎಂದರು.

ನಿರ್ದೇಶಕರು ನಿಂತಲ್ಲಿಯೇ, ಒಂಟಿಕಾಲಿನಲ್ಲಿ, ಮೌಖಿಕ ಆದೇಶ ಹೊರಡಿಸಿರುತ್ತಾರೆ. ತದನುಸಾರ:

9. ಮೈಕಕ್ಕನವರು ಅದೇ ಕುರ್ಚಿಯಲ್ಲಿ, ಅದೇ ಮೈಕಿನ ಮುಂದೆ ಮುಂದುವರಿಯತಕ್ಕದ್ದು. ನಿಯಮ 7 ಅವರಿಗೆ ಅನ್ವಯಿಸುವುದಿಲ್ಲ. ಅವರು ಯಾರನ್ನು ಬೇಕಾದರೂ, ಎಷ್ಟು ಹೊತ್ತು ಬೇಕಾದರೂ ಬಾವಿಯಲ್ಲಿ ಬಿಡಬಹುದು.

10. ಯಂತ್ರವನ್ನು ಚಾಲಕರ ವಿಶ್ರಾಂತಿ ಕೊಠಡಿಯಲ್ಲಿ ಅಳವಡಿಸಲಾಗಿದೆ. ಎರಡು ವಾಕ್ಯ ಮುಗಿಯುವಷ್ಟರಲ್ಲಿ ಗಾಢ ನಿದ್ದೆ ಬರುತ್ತಿದೆಯೆಂದು ಚಾಲಕರು ಕೃತಜ್ಞತೆ ಸಲ್ಲಿಸಿದ್ದಾರೆ.

11. ಈ ಸುತ್ತೋಲೆಯ ಮೊದಲ ಕರಡಿನಲ್ಲಿ ಮೇಲಿನ ನಿಯಮಗಳು ಮಾತ್ರ ಇದ್ದು, ಬೇರೇನೂ ಇರಲಿಲ್ಲ. ಅದನ್ನು ಇಂದು ಬೆಳಿಗ್ಗೆ ಮೈಕಕ್ಕನವರಿಗೆ ತೋರಿಸಲಾಗಿ, ಅವರು ಪೂರ್ತಿ ಓದಿ, “ಚೆನ್ನಾಗಿದೆ ಸಾರ್. ಆದ್ರೆ ಇದರಲ್ಲಿ ನೀವೆಲ್ಲಿದೀರ?” ಎಂದು ಕೇಳಿದರು. ಇಷ್ಟು ವರ್ಷಗಳ ಸೇವೆಯಲ್ಲಿ ತಾವು ಹೊರಡಿಸಿದ ಯಾವ ಸುತ್ತೋಲೆಯಲ್ಲೂ ತಾವಿರಲಿಲ್ಲವೆಂಬುದು ಆಗ ಕೆಳಸಹಿದಾರರ ಗಮನಕ್ಕೆ ಬಂತು. ಆದ್ದರಿಂದ ಕರಡನ್ನು ಹರಿದು, ನಡೆದದ್ದೆಲ್ಲವನ್ನೂ ಸೇರಿಸಿ ಇದನ್ನು ಹೊಸದಾಗಿ ಬರೆಯಲಾಗಿದೆ. ಇಲ್ಲಿಯವರೆಗೆ ಓದಿದವರು ಯಾರಾದರೂ ಇದ್ದಲ್ಲಿ ಮೇಲಿನ ಮಹಡಿಗೆ ಬಂದು ತಿಳಿಸುವುದು. ಟೀ ಕೊಡಲಾಗುವುದು.

(ಸಹಿ)
ಅಧೀಕ್ಷಕರು
ಬಸ್ ನಿಲ್ದಾಣ

ಪ್ರತಿಗಳು:

1. ಮಾನ್ಯ ನಿರ್ದೇಶಕರಿಗೆ, ಅವಗಾಹನೆಗಾಗಿ. ಬೂಟಿನ ಕಥೆಯ ಮುಂದಿನ ಭಾಗ ಇಂದು ಸಂಜೆ ಬಸ್ಸು ತೊಳೆಯುವ ವೇಳೆಗೆ.
2. ಮಾನ್ಯ ನಿರ್ದೇಶಕರ ಪತ್ನಿಯವರಿಗೆ, ಅವರು ನಿಜವಾಗಿ ಏನಂದರೆಂದು ತಿಳಿಸುವ ಕೋರಿಕೆಯೊಂದಿಗೆ.
3. ಕಥಾ ಉಪಸಮಿತಿಗೆ, ಸಂಬಂಧಪಟ್ಟವರು ಸಿಕ್ಕಲ್ಲಿ ಅವರಿಗೆ ತಲುಪಿಸಲು.
4. ಹಿರಿಯ ಮೆಕ್ಯಾನಿಕರಿಗೆ, ಬ್ರೇಕನ್ನು ರಿಪೇರಿ ಮಾಡುವ ಸೂಚನೆಯೊಂದಿಗೆ.
5. ಟೀ ಅಂಗಡಿಯವರಿಗೆ, ಹನ್ನೊಂದನೇ ನಿಯಮದ ಕಡೆಯ ವಾಕ್ಯಕ್ಕೆ ಸಂಬಂಧಿಸಿದಂತೆ. ಒಂದು ಟೀ ಸಾಕಾಗಬಹುದು.
6. ನಾಲ್ಕನೇ ಅಂಕಣದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿರುವವರಿಗೆ. ಓದಿ ಹಿಂದಿನವರಿಗೆ ಕೊಡತಕ್ಕದ್ದು.